ಗಡ್ಡೆಯ ತಾಯಿಮನೆ

ಯಮನೇ ಬಾಗಿಲಿಗೆ ಬಂದರೂ ನನ್ನ ಗಂಡನ ಸೋದರಮಾವ ಹೆದರುವವರಲ್ಲ, ಒಳಗೆ ಕರೆದು ಕೂರಿಸಿ, "ನಿಮ್ಮದು ಯಾವ ಬರಿ?" ಎಂದು ಕೇಳುವವರು! ಬರಿ ಎಂದರೆ ನಮ್ಮ ಕಡೆ ತಾಯಿಯಿಂದ ಮಕ್ಕಳಿಗೆ ಬರುವ ಕುಲದ ಹೆಸರು. ಅದು ತಿಳಿಯದೆ ಮಾವ ಯಾರೊಡನೆಯೂ ಎರಡನೆಯ ಮಾತು ಆಡುವುದಿಲ್ಲ.

ಶಿರ್ತಾಡಿಯಲ್ಲಿ ಬಸ್ಸು ಹತ್ತಿದರೆ, ಮೂಡುಬಿದಿರೆ ಬರುವಷ್ಟರಲ್ಲಿ ಕಂಡಕ್ಟರನ ಅಜ್ಜಿಯ ತಂಗಿಯನ್ನು ಕೊಟ್ಟ ಮನೆಯವರೆಗೂ ವಿಚಾರಣೆ ಮುಗಿದಿರುತ್ತದೆ. ಇಳಿಯುವವರು ತಾವೇ ಬಾಗಿಲು ಬಡಿದು ಬಸ್ಸು ನಿಲ್ಲಿಸಿಕೊಳ್ಳಬೇಕು! ಕಲ್ಲಡ್ಕದ ಹೋಟೆಲಿನಲ್ಲಿ ಬಿಹಾರದ ಸಪ್ಲೈಯರ್‌ಗೆ ಬರಿಯೇ ಇಲ್ಲವೆಂದು ತಿಳಿದಾಗ ಮಾವನಿಗೆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಅವನ ತಾಯಿಗೆ ಫೋನು ಮಾಡಿಸಿ, ಇವರು ತುಳುವಿನಲ್ಲಿ, ಅವರು ಭೋಜಪುರಿಯಲ್ಲಿ ಅರ್ಧ ಗಂಟೆ ಮಾತಾಡಿದ ಮೇಲೆಯೇ ಎದ್ದದ್ದು!

ಇಂಥವರು ನನ್ನನ್ನು ಮಾತ್ರ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ಕೇಳಿದರೆ ಹೇಳಲು ನನ್ನಲ್ಲೂ ಏನಿಲ್ಲ, ಅನಾಥಾಲಯದಲ್ಲಿ ಬೆಳೆದವಳು. ಕೇಳದಿರುವುದು ಮರ್ಯಾದೆಯೋ, ನನ್ನನ್ನು ಮನೆಯವಳೆಂದೇ ಎಣಿಸದಿರುವುದೋ? ಅದೊಂದು ಮುಳ್ಳು ಒಳಗೇ ಉಳಿದಿತ್ತು.

ಹೀಗಿರುವಾಗ ಮಾವನ ಭುಜದಲ್ಲೊಂದು ಗಡ್ಡೆ ಎದ್ದಿತು. ನಿಂಬೆಯಷ್ಟಿದ್ದದ್ದು ಮೂಸಂಬಿಯಷ್ಟಾದಾಗ ಬಲವಂತದಿಂದ ಬಂಟ್ವಾಳದ ಡಾಕ್ಟರರಲ್ಲಿಗೆ ಕರೆದೊಯ್ದೆವು. ಡಾಕ್ಟರರ ಬರಿ ತಿಳಿಯುವವರೆಗೆ ಮಾವ ಅಂಗಿ ಬಿಚ್ಚಲಿಲ್ಲ, ಅದು ಬೇರೆ ಮಾತು. ಆಮೇಲೆ ಗಡ್ಡೆಯ ಮೂಲವನ್ನೂ ವಿಚಾರಿಸಿದರು. ತೆಗೆದು ಪರೀಕ್ಷೆಗೆ ಕಳಿಸಿದರೆ ತಿಳಿಯಬಹುದು ಎಂದರು ಡಾಕ್ಟರರು. ಆ ಆಸೆಗೇ ಮಾವ ಆಪರೇಷನ್ನಿಗೆ ಒಪ್ಪಿದ್ದು!

ಗಡ್ಡೆ ತೆಗೆದ ಮೇಲೆ ವರದಿ ಬರುವವರೆಗಿನ ಹತ್ತು ದಿನ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಮಾವ ಯಾರ ಬರಿಯನ್ನೂ ಕೇಳಲಿಲ್ಲ. ನಮಗೆ ನಿಜವಾಗಿ ಭಯವಾದದ್ದು ಅದಕ್ಕೇ.

ಕೊನೆಗೆ ಡಾಕ್ಟರರು ವರದಿ ಓದಿ ಹೇಳಿದರು: ಒಂದೇ ಗಡ್ಡೆಯೊಳಗೆ ಕೊಬ್ಬಿನ ಕೋಶ, ಸ್ನಾಯುವಿನ ಕೋಶ, ರಕ್ತನಾಳದ ಕೋಶ ಮೂರೂ ಒಟ್ಟಿಗೆ ಸಂಸಾರ ಹೂಡಿವೆ. ಒಂದೇ ತಾಯಿಕೋಶದ ಮಕ್ಕಳೋ, ಬೇರೆ ಬೇರೆ ಕಡೆಯಿಂದ ಬಂದು ಸೇರಿದವೋ ಗೊತ್ತಿಲ್ಲ. "ಮೂಲ ಖಂಡಿತವಾಗಿ ಹೇಳ್ಲಿಕ್ಕೆ ಆಗುವುದಿಲ್ಲ. ಆದರೆ ಕ್ಯಾನ್ಸರ್ ಅಲ್ಲ."

ಎಲ್ಲರೂ ಉಸಿರು ಬಿಟ್ಟರು. ನಾನು ಬಿಡಲಿಲ್ಲ. ತಾಯಿ ಯಾರೆಂದು ತಿಳಿಯದೆ ಮಾವ ಡಾಕ್ಟರರನ್ನು ಬಿಡುವುದುಂಟೇ?

ಗಾಯ ತೋರಿಸಲು ಬಿಚ್ಚಿದ್ದ ಅಂಗಿಯ ಗುಂಡಿಯನ್ನು ಮಾವ ನಿಧಾನವಾಗಿ ಹಾಕಿಕೊಂಡರು.

"ಪರವಾಗಿಲ್ಲ ಡಾಕ್ಟ್ರೆ. ತಾಯಿ ಯಾರಂತ ಗೊತ್ತಿಲ್ಲದಿದ್ರೂ ಒಳ್ಳೆಯವರು ಇರ್ತಾರೆ. ನಮ್ಮ ಈ ಹುಡುಗಿ ಉಂಟಲ್ಲ, ಇವಳ ಬರಿ ಯಾರು ಕೇಳಿದ್ರೂ ನಾನು ನನ್ನ ಹೆಂಡತಿಯ ಬರಿ ಹೇಳ್ತೇನೆ. ನನ್ನ ಮಕ್ಕಳಿಗೆಲ್ಲ ಅದೇ ಅಲ್ವಾ?"

ನನಗೆ ಅಳು ತಡೆಯಲಾಗಲಿಲ್ಲ. ಹನ್ನೊಂದು ವರ್ಷದಿಂದ ನನಗೊಂದು ತಾಯಿಮನೆ ಇತ್ತು, ನನಗೇ ಗೊತ್ತಿರಲಿಲ್ಲ.