ಮೇಲೆ ಉಪಗ್ರಹ, ಕೆಳಗೆ ನಾನು

ಡಾಕ್ಟರು ಬಂದರೆ ಜನ ನಾಲಿಗೆ ಚಾಚುತ್ತಾರೆ. ತಲಾಠಿ ಬಂದರೆ ಹೊಲದ ಉತಾರ, ಅಂದರೆ ಪಹಣಿ, ಹುಡುಕುತ್ತಾರೆ. ಆದರೆ ಬಾಟ್ಲಿ, ಚೀಲ ಹಿಡಿದುಕೊಂಡು ರಸಾಯನಶಾಸ್ತ್ರದವನೊಬ್ಬ ಹೊಲಕ್ಕೆ ಬಂದರೆ ಏನು ಮಾಡಬೇಕೆಂದು ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ಹಾಗಾಗಿ ಅವರವರಿಗೆ ತೋಚಿದ್ದನ್ನು ಮಾಡುತ್ತಾರೆ. ನಾನು ಹೋದಲ್ಲೆಲ್ಲ ಒಂದಿಲ್ಲೊಂದು ಫಜೀತಿ ಆಗುತ್ತಿದ್ದುದು ಇದೇ ಕಾರಣಕ್ಕೆ.

ನಾನು ಚಿಕ್ಕೋಡಿ ಹತ್ತಿರದ ಅಂಕಲಿಯವನು. ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುವಾಗ ನಮ್ಮ ಗೈಡ್ ಸರ್ ಒಂದೇ ಕೆಲಸವನ್ನು ಇಬ್ಬರಿಗೆ ಹಂಚಿದ್ದರು. ಕೃಷ್ಣಾ ದಂಡೆಯ ಹೊಲಗಳಿಗೆ ಹಾಕುವ ಗೊಬ್ಬರ ಎಷ್ಟು ಮಣ್ಣಿನಲ್ಲಿ ಉಳಿಯುತ್ತದೆ, ಎಷ್ಟು ಹೊಳೆ ಸೇರುತ್ತದೆ ಎಂದು ನೋಡುವ ಕೆಲಸ. ನೀರು, ಮಣ್ಣು ತಂದು ಪರೀಕ್ಷಿಸುವುದು ನನ್ನ ಪಾಲಿಗೆ. ಉಪಗ್ರಹ ತೆಗೆದ ಚಿತ್ರಗಳಲ್ಲಿ ಅದೇ ಹೊಲದ, ಅದೇ ಹೊಳೆಯ ಬಣ್ಣ ಅಳೆಯುವುದು ಅವಳ ಪಾಲಿಗೆ. ಅವಳು ನಿಪ್ಪಾಣಿಯವಳು, ಮನೆಯಲ್ಲಿ ಮರಾಠಿ, ಹೊರಗೆ ಎರಡೂ.

ಅವಳು ಲ್ಯಾಬಿನಲ್ಲಿ ಕಂಪ್ಯೂಟರಿನ ಮುಂದೆ, ನಾನು ಚಿಕ್ಕೋಡಿಯಿಂದ ಕಾಗವಾಡದವರೆಗೆ ಮೋಟರ್‌ಸೈಕಲ್ಲಿನ ಮೇಲೆ. ಉಪಗ್ರಹ ನಮ್ಮ ಸೀಮೆಯ ಮೇಲೆ ಹಾಯುವ ದಿನ ಬೆಳಗ್ಗೆ ಅವಳ ಫೋನು ಬರುತ್ತಿತ್ತು. "ಎಲ್ಲಿದ್ದಿ? ಮೋಡ ಅದಾವೇನು?" ಮೋಡವಿದ್ದರೆ ಚಿತ್ರ ಬರುವುದಿಲ್ಲ, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮೋಡವಿಲ್ಲದಿದ್ದರೆ ಉಪಗ್ರಹ ದಾಟುವವರೆಗೂ ಅವಳು ಲೈನಿನಲ್ಲಿ ಇರುತ್ತಿದ್ದಳು. ಸುತ್ತಲಿನ ರೈತರೆಲ್ಲ ಮೋಡ ಬರಲಿ ಎಂದು ಹರಕೆ ಹೊರುವಾಗ, ಬರಬಾರದೆಂದು ಹರಕೆ ಹೊತ್ತವನು ಆ ಸೀಮೆಯಲ್ಲಿ ನಾನೊಬ್ಬನೇ.

ಹೊಳೆಯ ತಪ್ಪೇನು

ಮೊದಲ ಸಲ ನೀರು ತುಂಬಿದ್ದು ನಮ್ಮೂರ ಹೊಳೆಯಲ್ಲಿಯೇ. ಜಳಕ ಮುಗಿಸಿ ಧೋತರ ಹಿಂಡುತ್ತಿದ್ದ ಹಿರಿಯರೊಬ್ಬರು ನನ್ನನ್ನೇ ನೋಡುತ್ತಿದ್ದರು. ಲ್ಯಾಬ್ ಮುಟ್ಟುವವರೆಗೆ ನೀರು ಬದಲಾಗಬಾರದೆಂದು ಬಾಟ್ಲಿಗೆ ಒಂದೆರಡು ಹನಿ ಆಸಿಡ್ ಹಾಕುವುದು ನಮ್ಮ ಪದ್ಧತಿ. ಹಾಕಿದೆ.

"ಅದೇನ ಹಾಕಿದೆಪಾ ತಮ್ಮಾ?"

"ಆಸಿಡ್ ರಿ ಕಾಕಾ. ನೀರ ಕೆಡಬಾರದಂತ."

"ಕೆಡಲಾರದ ನೀರ ಒಯ್ದು ಏನ ಮಾಡತಿ?"

"ಎಷ್ಟ ಕೆಟ್ಟೈತಿ ಅಂತ ನೋಡತೀವ್ರಿ."

ಕಾಕಾ ಧೋತರ ಹಿಂಡುವುದನ್ನು ಬಿಟ್ಟರು. "ಆಸಿಡ್ ಹಾಕಾಂವನೂ ನೀನ, ಕೆಟ್ಟೈತಿ ಅಂತ ಬರಿಯಾಂವನೂ ನೀನ. ನಮ್ಮ ಹೊಳಿ ನಿನಗೇನ ಮಾಡಿತ್ತೋ?"

ಫೋನಿನಲ್ಲಿ ಇದನ್ನು ಹೇಳಿದಾಗ ಅವಳು ನಕ್ಕಳು. ಲ್ಯಾಬಿನಲ್ಲಿ ತಲೆ ಎತ್ತದೆ ಕೆಲಸ ಮಾಡುವ ಹುಡುಗಿ ಹೀಗೂ ನಗುತ್ತಾಳೆಂದು ಗೊತ್ತಾಗಿದ್ದು ಆವತ್ತು. ಆಮೇಲೆ ಬಾಟ್ಲಿ ತುಂಬಿದರೂ ನಗುವಂಥ ಸುದ್ದಿ ಸಿಗುವವರೆಗೆ ನಾನು ಊರು ಬಿಡುತ್ತಿರಲಿಲ್ಲ. ಸರ್ ಮಾತ್ರ, "ಇಂವ ಫೀಲ್ಡ್‌ವರ್ಕ್ ಭಾಳ ಶ್ರದ್ಧಾದಿಂದ ಮಾಡತಾನ" ಎಂದು ಎಲ್ಲರ ಮುಂದೆ ಹೊಗಳಿದರು.

ಒಂದೇ ಚುಕ್ಕಿ

ಅಥಣಿ ತಾಲೂಕಿನ ಐಗಳಿಯಲ್ಲಿ ಒಂದು ದ್ರಾಕ್ಷಿ ತೋಟವಿತ್ತು. ತೋಟದ ಯಜಮಾನರು ಮಣ್ಣು ಕೊಡಲು ಒಪ್ಪಿದ್ದರು, ಆದರೆ ಅವರ ಹೆಂಡತಿಗೆ ಉಪಗ್ರಹದ ವಿಷಯ ಸೇರಲಿಲ್ಲ.

"ಮ್ಯಾಲಿಂದ ನೋಡತೈತಿ ಅಂದ್ರ ದೃಷ್ಟಿ ಹತ್ತೂದಿಲ್ಲೇನು? ಈ ಸಲ ಗೊನಿ ಛಲೋ ಹಿಡದಾವು."

ಹತ್ತುವುದಿಲ್ಲ ಎಂದೆ. ಆಕೆ ನಂಬಲಿಲ್ಲ. ಮುಂದಿನ ಸಲ ಹೋದಾಗ ಚಪ್ಪರದ ಮೇಲೆ, ಆಕಾಶಕ್ಕೆ ಮುಖ ಮಾಡಿ, ಮಸಿ ಬಳಿದ ಗಡಿಗೆ ಕಣ್ಣು ಬಿಟ್ಟುಕೊಂಡು ಕೂತಿತ್ತು. ಉಪಗ್ರಹಕ್ಕೆ ದೃಷ್ಟಿಬೊಂಬೆ ಕಟ್ಟಿದ ಮೊದಲ ತೋಟ ಅದೇ ಇರಬೇಕು.

ಫೋನಿನಲ್ಲಿ ಅವಳು, "ಆ ಅಕ್ಕಗ ಫೋನ್ ಕೊಡು, ನಾ ತಿಳಿಸಿ ಹೇಳತೀನಿ" ಎಂದಳು. ಸ್ಪೀಕರ್ ಹಾಕಿ ಹಿಡಿದೆ. "ಅಕ್ಕಾ, ಆ ಚಿತ್ರದಾಗ ಮನಷ್ಯಾರು ಕಾಣೂದಿಲ್ರಿ. ನೀವು, ನಿಮ್ಮ ಮನಿಯವ್ರು, ಬಾಜೂಕ ಎಮ್ಮಿ, ಎಲ್ಲಾ ಸೇರಿ ಒಂದ ಚುಕ್ಕಿ ಆಗತೀರಿ."

ಆಕೆ ಫೋನನ್ನೂ ಗಂಡನನ್ನೂ ನೋಡಿದಳು. "ನನ್ನನ್ನೂ ಇವ್ರನ್ನೂ ಒಂದ ಚುಕ್ಕಿಯಾಗ ಹಾಕ್ಯಾರಾ? ಮದುವಿ ಫೋಟೋದಾಗ ಸೈತ ಇವ್ರು ಅತ್ತಾಗ ಮಾರಿ ಮಾಡಿ ನಿಂತಾರವಾ."

ಯಜಮಾನರು ಎಮ್ಮೆಗೆ ನೀರು ಕುಡಿಸಲು ಎದ್ದು ಹೋದರು. ಫೋನಿನಲ್ಲಿ ಅವಳು ನಗುತ್ತಿದ್ದಳು. ನನಗೆ ಮಾತ್ರ ಆ ತೋಟದಲ್ಲಿ ನಿಂತು ವಿಚಿತ್ರ ಸಂಕಟವಾಯಿತು. ಅವಳು ಆವತ್ತಿನ ತನಕ ಒಮ್ಮೆಯೂ ನನ್ನ ಜೊತೆ ಈ ಕಡೆ ಬಂದಿರಲಿಲ್ಲ. ಹತ್ತು ಮೀಟರಿನ ಒಂದು ಚುಕ್ಕಿಯೊಳಗೆ ಒಂದು ಎಮ್ಮೆಗೂ ಜಾಗವಿದೆ, ನಮ್ಮಿಬ್ಬರಿಗೆ ಇರಲಿಲ್ಲ. ಇದನ್ನು ಹೇಳಿದ್ದರೆ ಎಮ್ಮೆಯ ಮೇಲೆ ಹೊಟ್ಟೆಕಿಚ್ಚು ಪಟ್ಟ ಸಂಶೋಧಕ ಎಂದು ಹೆಸರಾಗುತ್ತಿತ್ತು. ಚೀಲಕ್ಕೆ ಮಣ್ಣು ತುಂಬಿಕೊಂಡೆ.

ದಿಗ್ಗೇವಾಡಿಯ ವರ

ರಾಯಬಾಗ ತಾಲೂಕಿನ ದಿಗ್ಗೇವಾಡಿಯಲ್ಲಿ ಕಬ್ಬು ಬೆಳೆಯುವ ಒಂದು ದೊಡ್ಡ ಮನೆತನದವರಿಗೆ, ಮಣ್ಣು ತೆಗೆಯಲು ಬರುತ್ತೇನೆಂದು ಮೊದಲೇ ತಿಳಿಸಿದ್ದೆ. ಆವತ್ತು ಮಧ್ಯಾಹ್ನ ಲ್ಯಾಬಿಗೆ ಹೋಗುವುದಿತ್ತು, ಅವಳನ್ನು ನೋಡುವುದಿತ್ತು. ಹಾಗಾಗಿ ಇಸ್ತ್ರಿ ಮಾಡಿದ ಹೊಸ ಅಂಗಿ ಹಾಕಿಕೊಂಡಿದ್ದೆ. ಎಲ್ಲ ತಪ್ಪಿದ್ದು ಆ ಅಂಗಿಯಿಂದ.

ಬಾಗಿಲಲ್ಲೇ ಮನೆಯ ಅಜ್ಜ ಕೈ ಹಿಡಿದು ಒಳಗೆ ಕರೆದೊಯ್ದರು. ಪಡಸಾಲೆಯಲ್ಲಿ ಹೊಸ ಜಮಖಾನೆ. ಶಿರಾ ಬಂತು, ಅವಲಕ್ಕಿ ಬಂತು, ಚಹಾ ಬಂತು. ಮಣ್ಣಿನವನಿಗೆ ಇಷ್ಟು ಮರ್ಯಾದೆ ಯಾರೂ ಮಾಡಿರಲಿಲ್ಲ. ಸಂಶೋಧನೆಗೆ ಬೆಲೆ ಕೊಡುವ ಊರು ಎಂದುಕೊಂಡೆ.

"ಎಷ್ಟ ಕಲತೀರಿ?" ಎಂದು ಅಜ್ಜ ಕೇಳಿದರು.

"ಪಿಎಚ್‌ಡಿ ಮಾಡಾಕತ್ತೀನ್ರಿ."

"ಹೊಲ ನೋಡೀರೇನು?"

"ಅದಕ್ಕಂತನ ಬಂದೇನ್ರಿ. ಮಣ್ಣ ಛಲೋ ಐತಿ ಅಂತ ಕೇಳೇನಿ."

ಅಜ್ಜನ ಮುಖ ಸ್ವಲ್ಪ ಬಿಗಿಯಾಯಿತು. ಅಷ್ಟರಲ್ಲಿ ಹಸಿರು ಸೀರೆ ಉಟ್ಟ ಹುಡುಗಿಯೊಬ್ಬಳು ಬಂದು ಎದುರಿಗೆ ಕೂತಳು. "ಏನರ ಕೇಳೂದಿದ್ರ ಕೇಳ್ರಿ" ಎಂದರು ಮನೆಯವರು. ನಾನು ಪೆನ್ನು ತೆಗೆದು, "ವರ್ಷಕ್ಕ ಯೂರಿಯಾ ಎಷ್ಟ ಹಾಕತೀರಿ?" ಎಂದು ಕೇಳಿದೆ.

ಹುಡುಗಿ ನನ್ನ ಮುಖ ನೋಡಿ, ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಆಗ ನನಗೆ ತಿಳಿಯಿತು. ಬಂದ ಕೆಲಸ ಏನೆಂದು ಬಿಡಿಸಿ ಹೇಳಿದಾಗ ಅಜ್ಜನಿಗೂ ತಿಳಿಯಿತು.

"ಹಂಗಾದ್ರ ಮುಂಜಾನೆ ಹೊಲದ ಕಡೆ ಬಂದಾಂವ ಯಾರು?" ಎಂದು ಅಜ್ಜ ಎದ್ದು ನಿಂತರು.

ಎಲ್ಲರೂ ಹೊಲಕ್ಕೆ ಓಡಿದೆವು. ವರ ತನ್ನ ಹಿರಿಯರಿಗಿಂತ ಮುಂಚೆ ಒಬ್ಬನೇ ಗಾಡಿಯಲ್ಲಿ ಬಂದಿದ್ದ. ಹೊಲದ ಹತ್ತಿರ ದಾರಿ ಕೇಳಿದವನನ್ನು ಹುಡುಗಿಯ ಕಾಕಾ ಮಣ್ಣಿನವನೆಂದು ತಿಳಿದು ಕೈಗೆ ಸಲಿಕೆ ಕೊಟ್ಟಿದ್ದರು. ರೇಷ್ಮೆ ಅಂಗಿಯ ತೋಳು ಮಡಚಿ, ಬೆವರು ಸುರಿಸುತ್ತ, ಆತ ಸೊಂಟದ ಮಟ್ಟ ತಗ್ಗು ತೋಡಿದ್ದ. ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಈ ಮನೆತನದಲ್ಲಿ ಅಳಿಯನ ಪರೀಕ್ಷೆ ಹೀಗೇ ಇರಬೇಕು ಎಂದುಕೊಂಡಿದ್ದನಂತೆ.

ಮದುವೆ ಗಟ್ಟಿಯಾಯಿತು. ಆ ತಗ್ಗಿನ ಮಣ್ಣೂ ನನಗೆ ಬಹಳ ಉಪಯೋಗವಾಯಿತು, ಅಷ್ಟು ಆಳ ನಾನು ಎಂದೂ ತೋಡಿದವನಲ್ಲ.

ಮಧ್ಯಾಹ್ನ ಲ್ಯಾಬಿನಲ್ಲಿ ಅವಳಿಗೆ ಇದನ್ನೆಲ್ಲ ಹೇಳಿದೆ. ನಕ್ಕು ಸಾಕಾಗಿ ಕಣ್ಣೊರೆಸಿಕೊಂಡಳು. ಆಮೇಲೆ ಪರದೆಯ ಕಡೆ ತಿರುಗಿ, "ಹುಡುಗಿ ಹೆಂಗಿದ್ಲು?" ಎಂದಳು. ಯೂರಿಯಾದ ಲೆಕ್ಕ ಸಿಗಲಿಲ್ಲ ಎಂದೆ. ನಾನು ಕೊಡಬೇಕಾಗಿದ್ದ ಉತ್ತರ ಅದಲ್ಲ ಎಂದು ಊರಿಗೆ ಮರಳುವ ಬಸ್ಸು ಚಿಕ್ಕೋಡಿ ದಾಟಿದ ಮೇಲೆ ಹೊಳೆಯಿತು.

ಅವ್ವನ ಮಜ್ಜಿಗೆ

ನೀರಿನ ಬಾಟ್ಲಿಗಳನ್ನು ಬರ್ಫದ ಡಬ್ಬಿಯಲ್ಲಿಟ್ಟು ಒಯ್ಯುತ್ತಿದ್ದೆ. ಡಬ್ಬಿ ತಣ್ಣಗಿದ್ದದ್ದು ಕಂಡು ಅವ್ವ ಒಂದು ಖಾಲಿ ಬಾಟ್ಲಿಗೆ ಮಜ್ಜಿಗೆ ಹಾಕಿ ನನಗೆಂದು ಅದರಲ್ಲಿಟ್ಟಿದ್ದಳು. ಬಾಟ್ಲಿಗಳ ಲೆಕ್ಕ ಬರೆದುಕೊಳ್ಳುವವಳು ಅವಳೇ, ಹಾಗಾಗಿ ಅದು ಸೀದಾ ಅವಳ ಟೇಬಲ್ಲಿಗೆ ಹೋಯಿತು.

"ಇದು ಎಲ್ಲಿ ಸ್ಯಾಂಪಲ್?" ಎಂದಳು. "ಬಿಳೇದು, ಹುಳಿ, ಕೊತ್ತಂಬರಿ ತೇಲಾಕತ್ತೇತಿ."

"ಅಂಕಲಿದು" ಎಂದೆ.

ಅವಳು ಮೂಸಿ ನೋಡಿ, ಲ್ಯಾಬಿನಿಂದ ಹೊರಗೆ ಒಯ್ದು, ಪೂರ್ತಿ ಕುಡಿದಳು. ಆಮೇಲೆ ಪ್ರತಿ ಸಲ ಡಬ್ಬಿಯಲ್ಲಿ ಅವಳಿಗೊಂದು ಬಾಟ್ಲಿ ಹೋಗತೊಡಗಿತು. ಅವ್ವ ಅವಳನ್ನು ಕಂಡವಳಲ್ಲ. ಆದರೂ ನಾನು ಏಳುವ ಮೊದಲೇ ಆ ಬಾಟ್ಲಿ ತೊಳೆದಿಡುತ್ತಿದ್ದಳು. ಒಮ್ಮೆ ಲ್ಯಾಬಿನಲ್ಲಿ ಅವಳು, "ಭಾಳ ಛಲೋ ಇತ್ತು, ಉಪ್ಪ ಒಂಚೂರು ಕಡಿಮಿ ಇತ್ತು ಅಂತ ಹೇಳು" ಎಂದಳು. ನಾನು ಹಾಗೆಯೇ ಬಂದು ಹೇಳಿದೆ.

ಅವ್ವ ಕಡಗೋಲು ಕೆಳಗಿಟ್ಟಳು. "ಹೊಸ್ತಿಲಾ ದಾಟೂಕಿಂತ ಮೊದಲ ಅಡಗಿಗೆ ಹೆಸರಿಡಾಕತ್ತಾಳ. ಇಕಿ ಖಾತ್ರಿ ಸೊಸಿನ."

ತಲೆಕಟ್ಟು

ಅವಳ ಪ್ರಬಂಧ ನನಗಿಂತ ಮೊದಲು ಮುಗಿಯಿತು. ಉತ್ತರ ಭಾರತದ ಒಂದು ಸಂಸ್ಥೆಯಲ್ಲಿ ಉಪಗ್ರಹದ ಕೆಲಸವೇ ಸಿಕ್ಕಿತು. ಲ್ಯಾಬಿನಲ್ಲಿ ಎಲ್ಲರಿಗೂ ಪೇಢೆ ಹಂಚಿದಳು. ನಾನು ಎರಡು ತಿಂದೆ, ಒಂದು ಮಾತೂ ಹೊರಡಲಿಲ್ಲ.

ಅವಳು ಹೋಗುವ ಮುಂಚೆ ಒಂದು ಕೊನೆಯ ಪ್ರಯೋಗವಿತ್ತು. ಹೊಲದಲ್ಲಿ ದೊಡ್ಡದಾಗಿ ಬಿಳಿ ಬಟ್ಟೆ ಹಾಸಬೇಕು, ಅದು ಉಪಗ್ರಹಕ್ಕೆ ಎಷ್ಟು ಬಿಳಿಯಾಗಿ ಕಾಣುತ್ತದೆಂದು ನೋಡಿ ಅವಳು ಲೆಕ್ಕ ಸರಿಮಾಡಿಕೊಳ್ಳಬೇಕು. ಕಾಗವಾಡದ ಹತ್ತಿರ ನನ್ನ ಸೋದರಮಾವನ ಹೊಲವಿತ್ತು, ಆಗಷ್ಟೇ ಕಬ್ಬು ಕಡಿದು ಬಯಲಾಗಿತ್ತು. ಅಥಣಿಯಲ್ಲಿ ಮದುವೆ ಪೆಂಡಾಲು ಹಾಕುವ ಮಂಟಪದವರಿಂದ ಬಿಳಿ ಬಟ್ಟೆಯ ಸುರುಳಿಗಳನ್ನು ಟ್ರ್ಯಾಕ್ಟರಿನಲ್ಲಿ ತಂದೆ.

ಸರ್ ಹೇಳಿದ್ದು ಚೌಕ. ನಾನು ಹಾಸಿದ್ದು ಅವಳ ಹೆಸರಿನ ಮೊದಲ ಅಕ್ಷರ. ಬಾಯಲ್ಲಿ ಬರದಿದ್ದನ್ನು ಮೇಲಿನಿಂದ ಓದಿಕೊಳ್ಳಲಿ ಎಂದು.

ಮಾವ ಬದುವಿನ ಮೇಲೆ ನಿಂತು ನೋಡಿದ. "ಚೌಕ ಹಾಸತೀನಿ ಅಂದಾಂವ ಇದೇನ ಜಿಲೇಬಿ ಬಿಡಾಕತ್ತಿಯಲೇ?"

"ಅಕ್ಷರ ಮಾವಾ."

"ಯಾರದು?"

ಹೇಳಿದೆ. ಮಾವ ಬದುವಿನಿಂದ ಇಳಿದ. ಟ್ರ್ಯಾಕ್ಟರಿನಿಂದ ಇನ್ನೊಂದು ಸುರುಳಿ ಹೊತ್ತು ತಂದು, "ತಲೆಕಟ್ಟು ಸಣ್ಣದಾಗೇತಿ" ಎಂದು ತಾನೇ ಬಿಚ್ಚಿ ಹಾಸಿದ.

ಇಷ್ಟರಲ್ಲಿ ದಾರಿಯಲ್ಲಿ ಹೋಗುವವರು ಬಯಲಲ್ಲಿ ಬಿಳಿ ಗುರುತು ಕಂಡರು. ಹೆಲಿಕಾಪ್ಟರ್ ಇಳಿಯುವಲ್ಲಿ ಹೀಗೇ ಬರೆದಿರುತ್ತಾರೆಂದು ಯಾರೋ ಅಂದರು. ಸ್ವಲ್ಪ ಹೊತ್ತಿನಲ್ಲಿ ಮಂತ್ರಿಗಳು ಬರುತ್ತಾರೆಂದು ಸುತ್ತಲಿನ ವಸ್ತಿಗಳಿಗೆಲ್ಲ ಸುದ್ದಿಯಾಯಿತು. ಆರತಿ ತಟ್ಟೆಗಳು ಬಂದವು. ಪಂಚಾಯಿತಿ ಸದಸ್ಯರೊಬ್ಬರು ಹಾರ ಹಿಡಿದು ಬಂದರು. ಕಬ್ಬಿನ ಕೂಳೆ ಕಾಲಿಗೆ ಚುಚ್ಚುತ್ತದೆಂದು ಜನರೆಲ್ಲ ಬಟ್ಟೆಯ ಮೇಲೆಯೇ ನಿಂತರು, ವಯಸ್ಸಾದವರು ಕೂತರು.

"ಬಟ್ಟಿ ಬಿಟ್ಟ ಸರೀರಿ, ಟೈಮ್ ಆತು" ಎಂದು ನಾನು ಕೈಮುಗಿದೆ. ಟೈಮ್ ಆಯಿತು ಎಂದದ್ದೇ ತಪ್ಪಾಯಿತು. ಅತ್ತಿತ್ತ ಚದುರಿದ್ದವರೂ ಬಂದು ಅಕ್ಷರದ ನಡುವೆ ಒತ್ತೊತ್ತಾಗಿ ನಿಂತು ಆಕಾಶ ನೋಡಿದರು. ಉಪಗ್ರಹ ಯಾರ ಕಣ್ಣಿಗೂ ಬೀಳದೆ ಮೇಲೆ ದಾಟಿತು.

"ಹೋತು" ಎಂದೆ.

"ಏನ ಹೋತು?"

"ಮ್ಯಾಲಿಂದ ಹಾದು ಹೋತ್ರಿ."

ಸದಸ್ಯರು ಹಾರವನ್ನು ಕೈಯಲ್ಲೇ ಸುತ್ತಿಕೊಂಡರು. "ಆರಿಸಿ ಬಂದಮ್ಯಾಲೆ ಎಲ್ಲಾರೂ ಹಿಂಗ. ಕೈ ಸೈತ ಮಾಡಲಿಲ್ಲ."

ಮರುದಿನ ಚಿತ್ರ ಕೈಸೇರಿದಾಗ ಅವಳು ಫೋನು ಮಾಡಿದಳು. ನಾನು ಬಟ್ಟೆ ಮರಳಿಸಲು ಅಥಣಿಗೆ ಹೋಗಿದ್ದೆ, ಫೋನು ಮಾವನ ಮನೆಯಲ್ಲಿ ಉಳಿದಿತ್ತು. ಮಾವ ಎತ್ತಿದ. ಬಟ್ಟೆ ಎಲ್ಲಿ, ಬರೀ ಕಲೆ ಕಾಣಿಸುತ್ತಿದೆಯಲ್ಲ ಎಂದಳಂತೆ. ಮಾವ ಸುತ್ತಿ ಬಳಸಿ ಹೇಳುವ ಮನುಷ್ಯನಲ್ಲ. "ನಿನ್ನ ಹೆಸರ ಬರದಿದ್ದ ನೋಡವ್ವಾ. ಮಂದಿ ಅದರ ಮ್ಯಾಲೆ ನಿಂತಬಿಟ್ರು" ಎಂದ.

ಅವಳು ಮರಾಠಿಯಲ್ಲಿ "ಖರಂಚ್?", ನಿಜವೇ, ಎಂದು ಕೇಳಿ ಫೋನು ಇಟ್ಟಳಂತೆ. ಅದರ ಮರುದಿನ ಬಸ್ಸು ಹಿಡಿದು ಬಂದೇಬಿಟ್ಟಳು. ಅಷ್ಟು ವರ್ಷದಲ್ಲಿ ಮೊದಲ ಸಲ.

ಮುಂದೆ ಅವಳು ಉತ್ತರಕ್ಕೆ ಹೋದಳು, ನನಗೆ ಚಿಕ್ಕೋಡಿಯ ಕಾಲೇಜಿನಲ್ಲಿ ಪಾಠದ ಕೆಲಸವಾಯಿತು, ನಮ್ಮ ಮದುವೆಯೂ ಆಯಿತು. ಈಗಲೂ ಅವಳು ಅಲ್ಲಿ, ನಾನು ಇಲ್ಲಿ, ರಜೆಗೆ ರಜೆ ಕಾಯುವುದೇ ಸಂಸಾರ. ಅವಳಿಲ್ಲದ ಸಂಜೆಗಳಲ್ಲಿ ನನಗೆ ನೆನಪಾಗುವುದು ಅವಳು ಬಸ್ಸಿಳಿದು ಬಂದ ಆ ದಿನವೇ.

ಬರೀ ಮಣ್ಣು ಉಳಿದ ಹೊಲದಲ್ಲಿ ಇಬ್ಬರೂ ನಿಂತಿದ್ದೆವು. ನಾನು ಕೈ ತೋರಿಸಿ ಇಲ್ಲಿಂದ ಇಲ್ಲಿಗೆ, ಹೀಗೆ ತಿರುಗಿ ಹೀಗೆ ಎಂದು ವಿವರಿಸಿದೆ. ಅವಳು ಚಪ್ಪಲಿ ಕೈಯಲ್ಲಿ ಹಿಡಿದು, ಕೂಳೆ ತಪ್ಪಿಸುತ್ತ, ಇಲ್ಲದ ಅಕ್ಷರದ ಮೇಲೆ ನಿಧಾನವಾಗಿ ನಡೆದಳು. ಪೂರ್ತಿ ಸುತ್ತು ಬಂದು ನಿಂತು ಕೇಳಿದಳು.

"ತಲೆಕಟ್ಟು ಯಾವ ಕಡೆ ಇತ್ತು?"

"ಆ ಕಾಲುವಿ ಕಡೆ."

"ಅದು ದಕ್ಷಿಣ. ಉಪಗ್ರಹದ ಚಿತ್ರದಾಗ ಉತ್ತರ ಮ್ಯಾಲಿರತೈತಿ. ನೀ ಬರದದ್ದು ತಲೆಕೆಳಗ."

ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿ ಇದು ಹೊಳೆಯಲಿಲ್ಲವೇ ಎಂದು ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಮಂದಿ ನಿಲ್ಲಲಾರದ ಇದ್ದಿದ್ರೂ ನಿನಗ ಓದಾಕ ಬರತಿದ್ದಿಲ್ಲ ಹಂಗಾದ್ರ" ಎಂದೆ.

"ಬರತಿತ್ತು" ಎಂದಳು. "ಕುರ್ಚಿ ಮ್ಯಾಲೆ ನಾನ ತಲೆಕೆಳಗಾಗಿ ಕುಂಡರತಿದ್ನಿ."