ಸ್ಕೂಟರು ವಾಪಸ್ ಕೊಟ್ಟ ಕರೆಂಟು

ವಿಭೂತಿ ಹಚ್ಚಿಕೊಂಡು ದಿನಾ ಬೆಳಿಗ್ಗೆ "ಶಿವನೇ, ಇವತ್ತು ಸಿಟ್ಟು ಬರದಂತೆ ನೋಡಿಕೋ" ಎಂದು ಬೇಡುತ್ತೇನೆ. ಬಳ್ಳಾರಿಯಲ್ಲಿ ಅದು ನಡೆಯುವುದು ಸಂಜೆ ಕರೆಂಟ್ ಹೋಗುವವರೆಗೆ ಮಾತ್ರ.

೧. ಭಾಯಿಯ ಡಬ್ಬಿ

ಅದಿರು ಲಾರಿಗಳ ಕಾಲ. ಎದುರಿನ ಗಣಿ ಸಾಹುಕಾರರ ಬಂಗಲೆಯಲ್ಲಿ ಜನರೇಟರ್ ಗುಡುಗುತ್ತಿತ್ತು. ಅವರ ನಾಯಿಗೂಡಿಗೂ ದೀಪ. ನಮ್ಮಲ್ಲಿ ಹತ್ತನೆಯ ತರಗತಿಯ ಮಗಳು ಪರೀಕ್ಷೆಗೆ ಚಿಮಣಿ ಬುಡ್ಡಿ ಹಿಡಿದು ಓದುತ್ತಿದ್ದಳು. ಮೈ ಉರಿಯಿತು. ನನ್ನ ಬ್ಯಾಟರಿ ಸ್ಕೂಟರನ್ನು ಗ್ಯಾರೇಜಿನ ಭಾಯಿಯ ಮುಂದೆ ನಿಲ್ಲಿಸಿದೆ. ಅವರು ಇನ್ವರ್ಟರ್ ಡಬ್ಬಿ ಕೂಡಿಸಿ ಕೊಟ್ಟರು.

"ಮೇಷ್ಟ್ರೇ, ಮಧ್ಯಾಹ್ನ ಕರೆಂಟ್ ಸುಮ್ಮ ಬಿದ್ದಿರ್ತೈತಿ, ಆವಾಗ ಗಾಡಿಗೆ ಕುಡಸ್ರಿ. ಸಂಜೀಕ ಊರೆಲ್ಲಾ ಒಮ್ಮೆಲೇ ಎಳಿತೈತಿ, ಆವಾಗ ಗಾಡಿಯಿಂದ ಮನಿಗೆ ತಗೊಳ್ರಿ. ಲೈನಿಗೂ ಹಗುರ. ಎಲ್ಲಾ ಗಾಡಿ ಹಿಂಗ ಮಾಡಿದ್ರ ಕರೆಂಟ್ ತೆಗೆಯೋದ ಬ್ಯಾಡ."

ಹೆಂಡತಿ ಸ್ಕೂಟರಿಗೆ ಕುಂಕುಮ ಹಚ್ಚಿ ನನ್ನತ್ತ ನೋಡಿದಳು: "ತಗೊಂಡದ್ದನ್ನ ವಾಪಸ್ ಕೊಡೋದು ಈ ಮನಿಯಾಗ ಇದೊಂದ ನೋಡ್ರಿ."

೨. ಕುರುಗೋಡಿನ ಮೈಕು

ಸೋಮವಾರ ಬಸವಣ್ಣನ ದರ್ಶನಕ್ಕೆ ಕುರುಗೋಡಿಗೆ ಹೋದೆ. ಭಜನೆಯ ನಡುವೆ ಕರೆಂಟ್ ಹೋಯಿತು. ಡಬ್ಬಿಯ ಸುದ್ದಿ ತಿಳಿದಿದ್ದ ಹಿರಿಯರೊಬ್ಬರು, "ದೇವರ ಕೆಲಸ ರೀ, ಒಂದ ಹಾಡು" ಎಂದರು. ಸ್ಕೂಟರನ್ನು ಮೈಕಿಗೆ ಹಚ್ಚಿದೆ. ಒಂದು ಹಾಡು ಹದಿನಾರಾಯಿತು. ಗಾಡಿ ಸತ್ತಿತು. ಸಿರುಗುಪ್ಪದ ಭತ್ತದ ಲಾರಿಯವನು ನನ್ನನ್ನೂ ಸ್ಕೂಟರನ್ನೂ ಚೀಲಗಳ ಮೇಲೆ ಹೇರಿಕೊಂಡು ತಂದ. ಅಂದು ಮಗಳಿಗೆ ಮತ್ತೆ ಬುಡ್ಡಿಯೇ.

ನಾನು ಇಳಿಯುವಾಗ ಲಾರಿಯವನು ನನ್ನ ಮುಖ ಕಂಡು ಸಮಾಧಾನ ಹೇಳಿದ: "ಬಿಡ್ರಿ ಸಾರ್, ಹಾಡು ದೇವರಿಗೆ ಮುಟ್ಟಿರ್ತೈತಿ. ರೋಡಿನ ಮ್ಯಾಲಿದ್ದ ನನಗ ಇನ್ನೂ ಕಿವಿ ಗುಂಯ್ ಅಂತಾವು."

೩. ನೋಟಿಸು

ಲೈನ್‌ಮನ್ ನಮ್ಮ ಕಿಟಕಿಯ ಬೆಳಕು ನೋಡಿ ವರದಿ ಮಾಡಿದ. ಮರುದಿನ ಬೆಳಿಗ್ಗೆಯೇ ಕರೆಂಟ್ ಆಫೀಸಿನ ಸಾಹೇಬರು ಕರೆಸಿದರು.

"ಸಾಹುಕಾರರ ಜನರೇಟರ್ ಬಿಟ್ರ ಓಣಿಯೆಲ್ಲಾ ಕತ್ತಲಿ, ನಿಮ್ಮದೊಂದ ಬೆಳಕು. ಎಲ್ಲಿಂದ ಕದೀತೀರಿ?"

"ಸ್ಕೂಟರ್ ಕೊಡ್ತೈತ್ರಿ."

"ಸ್ಕೂಟರ್ ಕರೆಂಟ್ ಕುಡೀತೈತಿ, ಕೊಡ್ತೈತೇನ್ರಿ? ಲೈನ್ ಕಟ್ ಮಾಡಾಕ ನೋಟಿಸ್ ಕೊಡ್ತೀನಿ."

ಪರೀಕ್ಷೆಗೆ ಎಂಟೇ ದಿನ. ಲೈನ್ ಹೋದರೆ ಸ್ಕೂಟರಿಗೆ ಚಾರ್ಜಿಲ್ಲ, ಮಗಳಿಗೆ ಬೆಳಕಿಲ್ಲ. ರುದ್ರಾಕ್ಷಿ ಹಿಡಿದ ಕೈ ಮುಷ್ಟಿಯಾಯಿತು. ಸಾಹೇಬರು ಪ್ರಿಂಟರಿಗೆ ಕಾಗದ ಸಿಕ್ಕಿಸಿದರು. ಕರೆಂಟ್ ಹೋಯಿತು.

ಅವರು ಕಿಟಕಿಯಾಚೆ ಸ್ಕೂಟರನ್ನು ನೋಡಿದರು. ದನಿ ಇಳಿಯಿತು. "ಖರೇನ ಕೊಡ್ತೈತೇನ್ರಿ? ಹಂಗಾದ್ರ ಇದಕ್ಕ ಸ್ವಲ್ಪ ಹಚ್ಚ್ರಿ."

ಹಲ್ಲು ಕಚ್ಚಿ ಹಚ್ಚಿದೆ, ಉಳಿದದ್ದು ಶಿವನಿಗೆ ಬಿಟ್ಟೆ. ಬೆಳಗಿನ ಜಾವ ಮಗಳು ಓದಿ ಮಿಕ್ಕಿದ್ದ ಚಾರ್ಜಷ್ಟೇ ಅದರಲ್ಲಿತ್ತು. ಪ್ರಿಂಟರು ಟರ್‌ಟರ್ ಎನ್ನುತ್ತ "ನಿಮ್ಮ ಮನೆಯ ವಿದ್ಯುತ್ ಸಂಪರ್ಕವನ್ನು" ಎಂಬಲ್ಲಿಗೆ ಬಂದು ನಿಂತುಬಿಟ್ಟಿತು.

"ನಾಳೆ ಫುಲ್ ಚಾರ್ಜ್ ಮಾಡಿಕೊಂಡು ಬರ್ರಿ," ಸಾಹೇಬರು ಗದರಿದರು, "ನಿಮ್ಮ ನೋಟಿಸ್ ಪೂರಾ ಮಾಡಬೇಕು!"

ಮಗಳು ಪಾಸಾಗಿ ಕಾಲೇಜು ಸೇರಿದಳು. ಆ ನೋಟಿಸಿಗೆ ನಾನಿನ್ನೂ ಚಾರ್ಜ್ ಮಾಡುತ್ತಲೇ ಇದ್ದೇನೆ.