ಮುದ್ದೆ ಕೋಲಿನ ಹೆಂಗಸು ನಗಬೇಕಂತೆ

ಮೊದಲೇ ಹೇಳಿಬಿಡುತ್ತೇನೆ, ಆ ಹೆಂಗಸಿನ ಮುಖದಲ್ಲಿ ನಾನು ನಗು ಬರೆಯುವುದಿಲ್ಲ. ಮಹಿಳಾ ಒಕ್ಕೂಟದವರು ಹೇಳಿದರೂ ಇಲ್ಲ, ಊರಿಗೆ ಊರೇ ಬಂದು ಬಾಗಿಲಲ್ಲಿ ಕೂತರೂ ಇಲ್ಲ. ವಯಸ್ಸಾದ ಮೇಲೆ ಮನುಷ್ಯನಿಗೆ ಹಟ ಜಾಸ್ತಿಯಾಗುತ್ತದೆ ಎಂದು ನೀವು ಅನ್ನಬಹುದು. ಅನ್ನಿ. ಇಡೀ ಸರ್ವೀಸು ಸರ್ಕಾರಿ ಶಾಲೆಯ ಡ್ರಾಯಿಂಗ್ ಮೇಷ್ಟ್ರಾಗಿ ಮಾವಿನಕಾಯಿ, ಹೂಜಿ, ಎರಡು ಗುಡ್ಡದ ನಡುವೆ ಸೂರ್ಯ, ಇವನ್ನೇ ಬರೆಸಿ ಬರೆಸಿ ನನ್ನ ಪಾಲಿನ ವಿಧೇಯತೆಯನ್ನೆಲ್ಲ ಖರ್ಚು ಮಾಡಿಬಿಟ್ಟಿದ್ದೇನೆ. ಈಗ ಉಳಿದಿರುವುದು ಹಟ ಮಾತ್ರ, ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ವ್ಯಂಗ್ಯಚಿತ್ರ ಎನ್ನುವುದು ವಿಚಿತ್ರ ಪದಾರ್ಥ. ಬರೆದವನು ಬೈಯುವುದಕ್ಕೆಂದು ಬರೆದಿರುತ್ತಾನೆ, ಬೈಸಿಕೊಂಡವರು ಅದನ್ನೇ ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಅಮೆರಿಕದ ಎರಡು ದೊಡ್ಡ ಪಕ್ಷಗಳನ್ನೇ ನೋಡಿ. ಒಂದಕ್ಕೆ ಕತ್ತೆ, ಇನ್ನೊಂದಕ್ಕೆ ಆನೆ. ಆ ಕತ್ತೆಯನ್ನು ಯಾರೂ ಪೂಜೆ ಮಾಡಿ ಆರಿಸಿದ್ದಲ್ಲ. ಹಿಂದೆ ಅಲ್ಲಿಯ ಒಬ್ಬ ಅಭ್ಯರ್ಥಿಯನ್ನು ಎದುರಾಳಿಗಳು ಕತ್ತೆ ಎಂದು ಜರೆದರಂತೆ. ಅವನೂ ಸಾಮಾನ್ಯದವನಲ್ಲ, ‘ಆಗಲಿ, ಕತ್ತೆಯೇ ಸೈ’ ಎಂದು ಅದನ್ನೇ ಹಿಡಿದುಕೊಂಡನಂತೆ. ಪತ್ರಿಕೆಗಳ ಚಿತ್ರಕಾರರು ಬರೆದದ್ದೇ ಬರೆದದ್ದು, ಕತ್ತೆ ಅಲ್ಲಿಂದ ಕದಲಲಿಲ್ಲ. ಆನೆಯನ್ನೂ ಒಬ್ಬ ಚಿತ್ರಕಾರ ಗಾಬರಿಬಿದ್ದು ಹಳ್ಳದ ಅಂಚಿಗೆ ಬಂದ ಪ್ರಾಣಿಯಾಗಿಯೇ ಬರೆದದ್ದು. ಎತ್ತರದ ಟೋಪಿ, ಮೇಕೆ ಗಡ್ಡದ ಮುದುಕನೊಬ್ಬ ಇಡೀ ಆ ದೇಶವೇ ತಾನು ಎಂಬಂತೆ ಬೆರಳು ತೋರಿಸುತ್ತಾನಲ್ಲ, ಅವನೂ ಬೆಳೆದದ್ದು ಇಂಥ ಚಿತ್ರಗಳಲ್ಲೇ. ಇದನ್ನೆಲ್ಲ ತರಗತಿಯಲ್ಲಿ ಉತ್ಸಾಹದಿಂದ ಹೇಳುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, “ಸಾ, ನಮ್ಮೂರ್ ಕತ್ತೆಗಳ್ಗೂ ಟಿಕೆಟ್ ಕೊಡ್ತಾವ್ರಲ್ಲ ಸಾ,” ಅಂದ. ಅವನನ್ನು ಹೊರಗೆ ನಿಲ್ಲಿಸಬೇಕಾಗಿತ್ತು, ನಗು ತಡೆಯಲಾಗದೆ ನಾನೇ ಹೊರಗೆ ಹೋದೆ.

ನನ್ನ ಕೈಯಿಂದಲೂ ಅಂಥದ್ದೊಂದು ಹುಟ್ಟೀತು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ನಮ್ಮ ಊರು ಕಿರಂಗೂರಿನಿಂದ ಸ್ವಲ್ಪ ಒಳಕ್ಕೆ. ಕಾವೇರಿ ಹತ್ತಿರದಲ್ಲೇ ಹರಿಯುತ್ತಾಳೆ, ಆದರೆ ನಮ್ಮ ಬೀದಿಯ ಕಡೆ ತಿರುಗಿ ನೋಡುತ್ತಿರಲಿಲ್ಲ. ಕೊನೆಗೊಂದು ನಲ್ಲಿ ಹಾಕಿಸಿದರು. ಒಬ್ಬ ಮುಖಂಡರು ಬಂದು ಟೇಪು ಕತ್ತರಿಸಿ ನಲ್ಲಿ ತಿರುಗಿಸಿದರು. ಅದು ‘ಬುಸ್’ ಎಂದು ಒಂದು ಉಸಿರು ಬಿಟ್ಟು ಸುಮ್ಮನಾಯಿತು. ನಾವು ಚಪ್ಪಾಳೆ ತಟ್ಟಿದೆವು. ಕೆಲವು ತಿಂಗಳಾದ ಮೇಲೆ ಪೈಪು ಬದಲಾಯಿಸಿದ್ದೇವೆ ಎಂದು ಅದೇ ಮುಖಂಡರು ಬಂದು ಅದೇ ನಲ್ಲಿಯನ್ನು ಮತ್ತೆ ಉದ್ಘಾಟಿಸಿದರು. ಅದು ಮತ್ತೆ ಬುಸ್ ಎಂದಿತು. ಈ ಸಲ ನಾನು ಚಪ್ಪಾಳೆ ತಟ್ಟಲಿಲ್ಲ.

ಮನೆಗೆ ಬಂದರೆ ನನ್ನ ಹೆಂಡತಿ ಭದ್ರಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾಳೆ. ಸೊಂಟದಲ್ಲಿ ಖಾಲಿ ಬಿಂದಿಗೆ, ಕೈಯಲ್ಲಿ ರಾಗಿ ಮುದ್ದೆ ತಿರುವುವ ಕೋಲು, ಒಂದು ಹುಬ್ಬು ಹಣೆಯ ಮಧ್ಯಕ್ಕೆ ಏರಿದೆ. “ನೀರಿಲ್ದೆ ಎಸ್ರು ಎಂಗಿಡ್ಲಿ? ನಿಮ್ಮ ಬ್ರಷ್ ತೊಳ್ದ ನೀರ್ ಇಡ್ಲಾ?” ಅಂದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಕಣ್ಣಿನಲ್ಲಿ ಇನ್ನೂ ನಿಂತಿದ್ದ ಆ ಭಂಗಿಯನ್ನು ಹಾಗೆಯೇ ಕಾಗದಕ್ಕೆ ಇಳಿಸಿದೆ. ಕೋಲೆತ್ತಿ ನಿಂತ ಹೆಂಗಸು, ಅವಳ ಕಾಲ ಬುಡದಲ್ಲಿ ಒಣಗಿದ ನಲ್ಲಿ, ಆ ನಲ್ಲಿಯ ಹಿಂದೆ ಹಾರ ಹಾಕಿಕೊಂಡು ಅವಿತ ಮುಖಂಡ. ಪಾಂಡವಪುರದಿಂದ ಹೊರಡುವ ಒಂದು ವಾರಪತ್ರಿಕೆಗೆ ಕಳಿಸಿದೆ. ಅವರು ಹಾಕಿಯೇಬಿಟ್ಟರು.

ಆ ಮುದ್ದೆ ಕೋಲಿನ ಬಗ್ಗೆ ಒಂದು ಮಾತು ಹೇಳದಿದ್ದರೆ ನನ್ನ ಅಪ್ಪನಿಗೆ ಅನ್ಯಾಯವಾಗುತ್ತದೆ. ನಮ್ಮದು ಮರಗೆಲಸದ ಆಚಾರರ ಮನೆ. ಅಪ್ಪ ಮುದ್ದೆ ಕೋಲು ಮಾಡಿಕೊಡುವ ಮೊದಲು ಮನೆಯಾಕೆಯನ್ನು ಮುದ್ದೆ ತಿರುವುವ ಭಂಗಿಯಲ್ಲಿ ಒಮ್ಮೆ ನಿಲ್ಲಿಸಿ, ಅವಳ ತೋಳು ನೋಡಿ, ಕಿವಿಯ ಮೇಲಿನ ಪೆನ್ಸಿಲು ತೆಗೆದು ಮರದ ಮೇಲೆ ಗುರುತು ಹಾಕುತ್ತಿದ್ದ. ಮರ ಕೆತ್ತುವ ಬಾಚಿ ಹಿಡಿಯುವುದು ನನಗೆ ಬರಲಿಲ್ಲ. ಪೆನ್ಸಿಲು ಮಾತ್ರ ಬಂತು, ಅದೂ ಕಿವಿಯ ಮೇಲೆ. ಶಾಲೆಗೆ ಹೋದರೂ, ಮದುವೆ ಮನೆಗೆ ಹೋದರೂ ಅದು ಅಲ್ಲೇ ಇರುತ್ತದೆ. ಭದ್ರಮ್ಮನ ಕೋಲು ಅಪ್ಪನೇ ಮಾಡಿಕೊಟ್ಟದ್ದು. ಆದ್ದರಿಂದ ಚಿತ್ರದಲ್ಲಿ ಆ ಕೋಲು ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ನೋಡಿದವರಿಗೆ ಬೆನ್ನಿನ ಮೇಲೆ ಚುರುಕ್ ಎನ್ನಬೇಕು.

ಮುಖಂಡರಿಗೂ ಚುರುಕ್ ಎನ್ನುತ್ತದೆ ಎಂದು ಕಾದಿದ್ದೆ. ಮುಂದಿನ ವಾರ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಎದೆ ಗಟ್ಟಿಮಾಡಿಕೊಂಡು ನಿಂತೆ. ಅವರು ನನ್ನ ಹೆಗಲ ಮೇಲೆ ಕೈಹಾಕಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಬಾಳ ಚೆನ್ನಾಗ್ ಬರ್ದಿದ್ದೀರಿ ಮೇಷ್ಟ್ರೆ. ಇಂಗೆ ಬರ್ಯಕೆ ಗುಂಡ್ಗೆ ಬೇಕು,” ಅಂದರು. ಬೈದದ್ದನ್ನು ಇಷ್ಟು ಸಲೀಸಾಗಿ ನುಂಗಿಕೊಂಡರಲ್ಲ, ದೊಡ್ಡ ಮನಸ್ಸಿನವರು ಎಂದುಕೊಂಡೆ. ಸ್ವಲ್ಪ ಬೇಜಾರೂ ಆಯಿತು.

ಮುಖಂಡರು ನಕ್ಕರೂ ಹೆಂಗಸರು ನಗಲಿಲ್ಲ. ನಮ್ಮ ಬೀದಿಯವರು ಆ ಚಿತ್ರವನ್ನು ದೊಡ್ಡದು ಮಾಡಿಸಿ, ಕಡ್ಡಿಗೆ ಅಂಟಿಸಿ, ಬಿಂದಿಗೆಗಳ ಸಮೇತ ತಾಲ್ಲೂಕು ಕಚೇರಿಯ ಮುಂದೆ ಕೂತರು, ಭದ್ರಮ್ಮನೂ ಕೂತಳು. ಅರಕೆರೆಯ ಕೆಲವರೂ ಬಂದು ಜೊತೆಗೆ ಸೇರಿಕೊಂಡರು. ಸಂಜೆಯಾದರೂ ಏಳಲಿಲ್ಲ. ನಲ್ಲಿಯಲ್ಲಿ ನೀರು ಬಂತು. ಆಮೇಲೆ ಚಿತ್ರದ ಆ ಹೆಂಗಸು ನನ್ನ ಕೈಗೆ ಸಿಗಲಿಲ್ಲ. ಅರಕೆರೆಯ ಹೆಂಗಸರು ಬಸ್ಸು ಬೇಕೆಂದು ನಿಂತಾಗ ಅವರ ಮುಂದೆ ಅವಳಿದ್ದಳು. ಮಾಕವಳ್ಳಿಯಲ್ಲಿ ರಸ್ತೆಗೆ, ನಾಗಮಂಗಲದಲ್ಲಿ ರೇಷನ್ನಿಗೆ, ಎಲ್ಲ ಕಡೆ ಅದೇ ಹುಬ್ಬು, ಅದೇ ಕೋಲು. ಸುತ್ತಲ ತಾಲ್ಲೂಕುಗಳ ಮಹಿಳಾ ಸಂಘಗಳೆಲ್ಲ ಸೇರಿ ಒಕ್ಕೂಟವಾದಾಗ ಅವರ ಗುರುತು ಯಾವುದು ಎಂದು ಯಾರೂ ಕೇಳಲೇ ಇಲ್ಲ, ಅದು ಆಗಲೇ ಗೋಡೆಗಳ ಮೇಲಿತ್ತು.

ನನ್ನ ಕಷ್ಟ ಶುರುವಾದದ್ದು ಅಲ್ಲಿಂದ. ಲೋಕದ ಗಂಡಂದಿರು ಮನೆಯಿಂದ ಹೊರಗೆ ಬಿದ್ದರೆ ಹೆಂಡತಿಯ ಕಣ್ಣಿನಿಂದ ತಪ್ಪಿಸಿಕೊಂಡಂತೆ. ನನಗೆ ಆ ಭಾಗ್ಯವಿಲ್ಲ. ನನಗೆ ಸಕ್ಕರೆ ಕಾಯಿಲೆ. ಆದರೂ ಕೆ.ಆರ್.ಪೇಟೆಯಲ್ಲಿ ಒಂದು ಹೋಟೆಲು ಹುಡುಕಿಕೊಂಡಿದ್ದೆ, ಅಲ್ಲಿಯ ಮೈಸೂರು ಪಾಕಿಗೆ ಯಾವ ವೈದ್ಯರ ಮಾತೂ ಸಮನಲ್ಲ. ಒಂದು ದಿನ ತುಂಡು ಬಾಯಿಗಿಟ್ಟು ತಲೆಯೆತ್ತಿದರೆ ಎದುರಿನ ಗೋಡೆಯಿಂದ ಆಳೆತ್ತರದ ಭದ್ರಮ್ಮ ಕೋಲೆತ್ತಿ ನೋಡುತ್ತಿದ್ದಾಳೆ. ಉಳಿದದ್ದನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಆ ಸಿಟ್ಟು ಆ ಗೋಡೆಯ ಮೇಲೂ ಅಷ್ಟು ಜೀವಂತವಾಗಿತ್ತು ಎಂದು ಒಳಗೊಳಗೇ ಹೆಮ್ಮೆಯೂ ಆಯಿತು.

ಆ ಸಿಟ್ಟಿಗೇ ಕುತ್ತು ಬಂತು. ಕಳೆದ ಭಾನುವಾರ ಒಕ್ಕೂಟದ ಅಧ್ಯಕ್ಷೆ, ಅರಕೆರೆಯ ಗೌರಮ್ಮ, ಮೈಸೂರಿನ ಒಬ್ಬ ಸಲಹೆಗಾರರನ್ನು ಕರೆದುಕೊಂಡು ಮನೆಗೆ ಬಂದರು. ಒಕ್ಕೂಟ ಈಗ ಉಪ್ಪಿನಕಾಯಿ, ಹಪ್ಪಳ ಮಾರಲು ಹೊರಟಿದೆ. ಡಬ್ಬಿಯ ಮೇಲೆ ಗುರುತು ಬೇಕು. ಸಲಹೆಗಾರರು ತುಂಬ ಮೃದುವಾಗಿ, “ಸರ್, ಚಿತ್ರ ಪವರ್‌ಫುಲ್ ಆಗಿದೆ. ಆದರೆ ಸ್ವಲ್ಪ ನೆಗೆಟಿವ್. ಆಕೆ ನಗುತ್ತಿದ್ದರೆ ಚೆನ್ನ. ಕೋಲಿನ ಬದಲು ಒಂದು ದೀಪ ಇರಲಿ. ಮೂಗು ಕೂಡ ಸ್ವಲ್ಪ,” ಎಂದು ಬೆರಳಿನಿಂದ ಗಾಳಿಯಲ್ಲಿ ಮೂಗನ್ನು ಕೆತ್ತಿ ತೋರಿಸಿದರು.

“ನೀವ್ ಬರ್ಕೊಡ್ದೆ ಓದ್ರೆ ಕಂಪ್ಯೂಟರ್‌ನಾಗೆ ಮಾಡುಸ್ತಾರಂತೆ ಮೇಷ್ಟ್ರೆ,” ಅಂದರು ಗೌರಮ್ಮ, ನೆಲ ನೋಡುತ್ತ.

ನನಗೆ ಉರಿದುಹೋಯಿತು. ಎದ್ದು ನಿಂತು ಕತ್ತೆಯ ಕಥೆಯಿಂದ ಶುರುಮಾಡಿದೆ. ಆ ಕತ್ತೆಗೆ ಯಾರಾದರೂ ಜೂಲು ಕಟ್ಟಿ ಕುದುರೆ ಮಾಡಿದರೇ, ಮಾಡಿದ್ದರೆ ಅದು ಇಷ್ಟು ಕಾಲ ಬಾಳುತ್ತಿತ್ತೇ ಎಂದು ಕೇಳಿದೆ. ಸಿಟ್ಟಿನಿಂದ ಹುಟ್ಟಿದ ಚಿತ್ರಕ್ಕೆ ಸಿಟ್ಟೇ ಉಸಿರು, ಅದನ್ನು ತೆಗೆದರೆ ಉಳಿಯುವುದು ಕ್ಯಾಲೆಂಡರು ಎಂದೆ. ದೀಪ ಹಿಡಿದು ನಗುವ ಹೆಂಗಸು ಬೇಕಾದರೆ ಸೀರೆ ಅಂಗಡಿಯಲ್ಲಿ ಕೇಳಿ, ಇಲ್ಲಿ ಸಿಗುವುದಿಲ್ಲ ಎಂದೂ ಅಂದೆ. ಸಲಹೆಗಾರರು ನಗುತ್ತಲೇ ಕೇಳಿಸಿಕೊಂಡು, ನಗುತ್ತಲೇ ತಮ್ಮ ಲ್ಯಾಪ್‌ಟಾಪು ತೆರೆದರು. ಅದರಲ್ಲಿ ಅವಳು ಆಗಲೇ ನಗುತ್ತಿದ್ದಳು. ಬೆಳ್ಳಗೆ, ಮೂಗಿಲ್ಲದವಳಂತೆ. ನಿಜ ಹೇಳುತ್ತೇನೆ, ಸತ್ತವರ ಫೋಟೋ ನೋಡಿದಂತಾಯಿತು.

ಅಷ್ಟರಲ್ಲಿ ಭದ್ರಮ್ಮ ಕಾಫಿ ತಂದಳು. ಲೋಟಗಳನ್ನು ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. “ಇವ್ಳ್ಯಾರು?” ಅಂದಳು.

“ನೀನೇ ಕಣಕ್ಕ. ನಗ್ತಿರೋ ತರ ಮಾಡವ್ರೆ,” ಅಂದರು ಗೌರಮ್ಮ.

ಭದ್ರಮ್ಮ ಇನ್ನೊಮ್ಮೆ ನೋಡಿದಳು. “ನಲ್ಲೀಲಿ ನೀರ್ ಬಂದಿದ್ದು ನಾನ್ ನಕ್ಕಿದ್ದಕ್ಕಲ್ಲ ಕಣವ್ವ. ನೀನೂ ಅವತ್ತು ಜೊತೆಲ್ ಕೂತಿದ್ದೆ. ನಗ್ತಾ ಕೂತಿದ್ದಾ?”

ಗೌರಮ್ಮ ತಾವೇ ಕೈಚಾಚಿ ಆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರು. “ಇರೋದು ಇರೋ ಅಂಗೆ ಇರ್ಲಿ ಸಾರ್. ಕೋಲ್ ನೋಡುದ್ರೂ ಉಪ್ಪಿನ್ಕಾಯಿ ತಗಳ್ಳೋರು ತಗತಾರೆ.”

ಗೆದ್ದೆ. ಗೆದ್ದವನಿಗೆ ಔದಾರ್ಯ ಉಕ್ಕುತ್ತದೆ. ಸಲಹೆಗಾರರ ಮುಖ ಬಾಡಿದ್ದನ್ನು ನೋಡಲಾರದೆ, “ಬೇಕಾದರೆ ನಲ್ಲಿಯ ಹಿಂದೆ ಅಡಗಿರುವ ಆ ಮುಖಂಡನನ್ನು ತೆಗೆದುಬಿಡೋಣ. ಅವರಿಗೂ ವಯಸ್ಸಾಯಿತು, ಪಾಪ,” ಅಂದೆ.

ಗೌರಮ್ಮ ಭದ್ರಮ್ಮನ ಮುಖ ನೋಡಿದರು. ಭದ್ರಮ್ಮ ಛಾವಣಿ ನೋಡಿದಳು.

“ಯಾವ್ ಮುಖಂಡ್ರು ಮೇಷ್ಟ್ರೆ?” ಅಂದರು ಗೌರಮ್ಮ. “ಅದು ನೀವಲ್ವಾ?”

ಕನ್ನಡಕ ಏರಿಸಿಕೊಂಡು, ಗೌರಮ್ಮ ತಂದು ಮೇಜಿನ ಮೇಲಿಟ್ಟಿದ್ದ ಹಾಳೆಯಲ್ಲಿ ನನ್ನದೇ ಚಿತ್ರವನ್ನು ನೋಡಿದೆ. ಬೋಳು ತಲೆ, ಅದು ಯಾರಿಗಾದರೂ ಇರಬಹುದು. ಮೂಗಿನ ತುದಿಗೆ ಜಾರಿದ ಕನ್ನಡಕ, ಅದೂ ಇರಬಹುದು. ಆದರೆ ಕಿವಿಯ ಮೇಲೆ ಪೆನ್ಸಿಲು ಇಟ್ಟುಕೊಂಡು ನಲ್ಲಿ ಉದ್ಘಾಟಿಸುವ ಮುಖಂಡ ಈ ರಾಜ್ಯದಲ್ಲಿ ಎಲ್ಲಿದ್ದಾನೆ? ಕೋಲೆತ್ತಿದ ಭದ್ರಮ್ಮನ ಎದುರಿಗೆ ನಿಲ್ಲಿಸಲು ಒಬ್ಬ ಗಂಡಸು ಬೇಕೆಂದಾಗ, ಕೈ ತನಗೆ ಗೊತ್ತಿದ್ದವನನ್ನೇ ಕರೆತಂದು ನಿಲ್ಲಿಸಿತ್ತು. ಬಸ್ ಸ್ಟ್ಯಾಂಡಿನಲ್ಲಿ ಆ ಮುಖಂಡರು ಅಷ್ಟು ನಕ್ಕದ್ದು ಯಾಕೆ ಎಂದು ಆಗ ತಿಳಿಯಿತು. ಇಷ್ಟು ವರ್ಷ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ನಾನು ತಲೆಯೆತ್ತಿ ಓಡಾಡಿದ ಗೋಡೆಗಳೆಲ್ಲ ಒಮ್ಮೆಲೇ ಕಣ್ಣಮುಂದೆ ಬಂದವು.

“ನಿಮಗೆ ಗೊತ್ತಾಗಿದ್ದರೂ ಹೇಳಲಿಲ್ಲವಲ್ಲ,” ಅಂದೆ.

“ಗೊತ್ತಿದ್ದೇ ಬರ್ದವ್ರೆ, ದೊಡ್ಡ್ ಮನ್ಸು ಅಂದ್ಕಂಡಿದ್ದೊ,” ಅಂದರು ಗೌರಮ್ಮ. “ನಿಮ್ಮುನ್ನ ತೆಗ್ಯದ್ ಬ್ಯಾಡಿ. ನಮ್ಮೂರಾಗೆ ಗಂಡುಸ್ರು ಗಲಾಟೆ ಮಾಡುದ್ರೆ, ಮೇಷ್ಟ್ರಂಗೆ ನಲ್ಲಿ ಇಂದೆ ನಿಲ್ಲುಸ್ಬುಡ್ತೀವಿ ಅಂತೀವಿ. ಬಾಳ ಅನುಕೂಲ ಆಗದೆ.”

“ಪೆನ್ಸಿಲನ್ನಾದರೂ ಅಳಿಸುತ್ತೇನೆ,” ಎಂದು ರಬ್ಬರು ಹುಡುಕಿದೆ. ಭದ್ರಮ್ಮನ ಒಂದು ಹುಬ್ಬು ನಿಧಾನವಾಗಿ ಮೇಲೇರಿತು. ಏನೂ ಬದಲಾಯಿಸಕೂಡದು ಎಂದು ಈಗ ತಾನೇ ಕೂಗಾಡಿದವನು ನಾನೇ ತಾನೆ. ಕತ್ತೆ ಎನಿಸಿಕೊಂಡ ಆ ಅಭ್ಯರ್ಥಿ ನೆನಪಾದ. ಆಗಲಿ, ನಾನೇ ಸೈ. ಕಿವಿಗೆ ಕೈಹಾಕಿದೆ, ಪೆನ್ಸಿಲು ಅಲ್ಲೇ ಇತ್ತು. ಅದನ್ನು ತೆಗೆದು, ಚಿತ್ರದೊಳಗಿನ ಪೆನ್ಸಿಲು ಡಬ್ಬಿಯ ಮೇಲೂ ಎದ್ದುಕಾಣುವಂತೆ ಇನ್ನಷ್ಟು ದಪ್ಪಗೆ ತಿದ್ದಿ ಗೌರಮ್ಮನ ಕೈಗೆ ಕೊಟ್ಟೆ.